ನೊಣಗಳನ್ನು ಬಿಟ್ಟರೆ

ಶಿಕಾಗೋ ಹೊರವಲಯದ ಬೋಲಿಂಗ್‌ಬ್ರೂಕ್‌ನ ನಮ್ಮ ಬಡಾವಣೆಯಲ್ಲಿ ಜಾಹಿದಾ ಅವರನ್ನು ಎಲ್ಲರೂ 'ಆಸ್ಟ್ರೇಲಿಯಾ ಆಂಟಿ' ಎಂದು ಕರೆಯುತ್ತಿದ್ದರು. ಅವರು ಆಸ್ಟ್ರೇಲಿಯಾ ನೋಡಿದವರಲ್ಲ. ರಾಣೆಬೆನ್ನೂರಿನಲ್ಲಿ ಹುಟ್ಟಿ, ಮೈಸೂರು ಕಡೆಯ ಒಂದು ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡಿ, ಮದುವೆಯಾಗಿ, ತೊಂಬತ್ತೆಂಟರಲ್ಲಿ ನೇರವಾಗಿ ಶಿಕಾಗೋದಲ್ಲಿ ಇಳಿದವರು. ಆದರೂ ಆ ದೇಶದ ಜನ ತಮ್ಮ ಬಗ್ಗೆ ತಾವೇ ಬರೆದುಕೊಂಡದ್ದನ್ನು, ಅಂದರೆ ಕುರಿ ಕಾಯುವವರ, ನರ್ಸಮ್ಮಂದಿರ, ಪಾದ್ರಿಗಳ, ಜೈಲು ಕಂಡು ಬಂದವರ ಆತ್ಮಕಥೆಗಳನ್ನು ಅವರಷ್ಟು ಓದಿದವರು ಇಡೀ ಇಲಿನಾಯ್ ರಾಜ್ಯದಲ್ಲಿ ಇದ್ದಿರಲಿಕ್ಕಿಲ್ಲ. ಇದ್ದರೂ ನಮ್ಮ ಬೀದಿಯಲ್ಲಂತೂ ಇರಲಿಲ್ಲ.

ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ ಊಟವೊಂದರಲ್ಲಿ ನಂದನ್ ಎಂಬ ಹುಡುಗ, ಸಾಫ್ಟ್‌ವೇರಿನವನು, ತಟ್ಟೆ ಹಿಡಿದುಕೊಂಡೇ ಕೇಳಿದ: "ಅಮೆರಿಕಕ್ಕೆ ಬಂದು ಆಸ್ಟ್ರೇಲಿಯಾ ಓದ್ತಾ ಇದೀರಲ್ಲ ಆಂಟಿ, ಹೈವೇಲಿ ರಾಂಗ್ ಎಕ್ಸಿಟ್ ತಗೊಂಡ್ರಾ?"

"ನೀ ಬೋಲಿಂಗ್‌ಬ್ರೂಕ್‌ನಾಗ ಕುಂತು ದಿನಾ ಬೆಂಗಳೂರಿನ ಸೈಟಿನ ರೇಟ್ ನೋಡ್ತಿಯಲ್ಲಪ್ಪಾ, ಅದಕ್ಕ ಯಾವ ಎಕ್ಸಿಟ್?" ಎಂದರು ಜಾಹಿದಾ. ನಂದನ್‌ಗೂ ಅವರಿಗೂ ನಾಲ್ಕೈದು ವರ್ಷದ ಅಂತರ ಅಷ್ಟೇ. ಆಂಟಿ ಎಂದು ಕರೆದದ್ದಕ್ಕೂ ಸೇರಿಸಿಯೇ ಕೊಟ್ಟ ಉತ್ತರ ಅದು.

ಆಸ್ಟ್ರೇಲಿಯಾವನ್ನು ಅವರೇನೂ ಆರಿಸಿಕೊಂಡಿರಲಿಲ್ಲ. ಅವರ ಇಂಗ್ಲಿಷ್ ವಿಭಾಗದಲ್ಲಿ ಸಂಶೋಧನೆಯ ವಿಷಯಗಳನ್ನು ಹಂಚುತ್ತಿದ್ದ ರೀತಿಯನ್ನು ಅವರೇ ವಿವರಿಸುತ್ತಿದ್ದರು. ಇಂಗ್ಲೆಂಡ್ ಹಿರಿಯ ಅಧ್ಯಾಪಕರ ಮಕ್ಕಳಿಗೆ, ಅಮೆರಿಕ ಅವರ ಅಳಿಯಂದಿರಿಗೆ, ಐರ್ಲೆಂಡ್ ಯಾರಾದರೂ ಮಂತ್ರಿಯ ಶಿಫಾರಸು ತಂದವರಿಗೆ. ರಾಣೆಬೆನ್ನೂರಿನ ಡ್ರಿಲ್ ಮಾಸ್ತರರ ಮಗಳ ಪಾಳಿ ಬರುವ ಹೊತ್ತಿಗೆ ಭೂಮಿಯ ಮೇಲೆ ಉಳಿದಿದ್ದ ದೇಶ ಅದೊಂದೇ.

ಕೊಟ್ಟವರು ಪ್ರೊಫೆಸರ್ ರಾಚಯ್ಯ. ಹಳ್ಳಿಯಿಂದ ಬಂದು ಇಂಗ್ಲಿಷ್ ಪ್ರೊಫೆಸರ್ ಆದವರು. ಏಪ್ರಿಲ್ ತಿಂಗಳಲ್ಲೂ ಕೋಟು ಹಾಕಿಕೊಂಡೇ ತರಗತಿಗೆ ಬರುತ್ತಿದ್ದರು. ಒಳ್ಳೆಯ ಮನುಷ್ಯ. ಜಾಹಿದಾಗೆ ಹಾಸ್ಟೆಲಿನಲ್ಲಿ ಸೀಟು ಸಿಗದೆ ಇದ್ದಾಗ ವಾರ್ಡನ್ ಮನೆಯ ಮುಂದೆ ಕೋಟು ಹಾಕಿಕೊಂಡೇ ಧರಣಿ ಕೂತವರು. ಒಮ್ಮೆ ಆಸ್ಟ್ರೇಲಿಯಾದಿಂದ ಅತಿಥಿ ಅಧ್ಯಾಪಕರೊಬ್ಬರು ಬಂದಾಗ ಅವರ ಚೀಲದಲ್ಲಿದ್ದ ಒಂದು ಪುಸ್ತಕ ರಾಚಯ್ಯನವರ ಕಣ್ಣಿಗೆ ಬಿತ್ತು. ಎನಿಡ್ ಟ್ರೆಗೋವನ್ ಎಂಬ ನರ್ಸಮ್ಮನ ಆತ್ಮಕಥೆ. ಹೆಸರು 'ಉಪ್ಪುಕೆರೆಯ ದಾರಿ'. ಅತಿಥಿಗೆ ಅದೇ ಸಂಜೆ ವಿಮಾನ. ರಾಚಯ್ಯನವರು ಪುಸ್ತಕ ಎರವಲು ಪಡೆದು, ಕ್ಯಾಂಪಸ್ ಗೇಟಿನ ಎದುರಿನ ಗಿರೀಶನ ಜೆರಾಕ್ಸ್ ಅಂಗಡಿಗೆ ಓಡಿಸಿ, ಪ್ರತಿ ಮಾಡಿಸಿ, ಮೂಲವನ್ನು ವಿಮಾನ ನಿಲ್ದಾಣದ ಕಾರಿಗೆ ಮುಟ್ಟಿಸಿದರು. ನೀಲಿ ರಟ್ಟು, ಸ್ಪೈರಲ್ ಬೈಂಡಿಂಗ್. ಇಂಡಿಯಾದಲ್ಲಿ ಆ ಪುಸ್ತಕದ ಪ್ರತಿ ಇದ್ದದ್ದು ಅದೊಂದೇ. ಜಾಹಿದಾ ಅವರ ಥೀಸಿಸ್ಸೂ, ಆಮೇಲಿನ ಹೆಸರೂ, ಎಲ್ಲ ನಿಂತದ್ದು ಆ ನೀಲಿ ರಟ್ಟಿನ ಮೇಲೆ.

ಎನಿಡ್ ಒಳನಾಡಿನ ಒಣ ಊರೊಂದರಲ್ಲಿ ನರ್ಸು. ಗಂಡ ಸತ್ತ ಮೇಲೆ ಒಂದು ದಿನ ಯಾರಿಗೂ ಹೇಳದೆ, ನೀರಿಲ್ಲದ ದೊಡ್ಡ ಉಪ್ಪುಕೆರೆಯ ಕಡೆಗೆ ನಡೆದು ಹೋಗುತ್ತಾಳೆ. ಮೈಲಿಗಟ್ಟಲೆ ಬಿಳಿ ನೆಲ. ಕೊನೆಯ ಪುಟದ ಕೊನೆಯ ಸಾಲುಗಳು ಹೀಗಿವೆ: "ನಾನು ಕೂತೆ. ಎಲ್ಲೂ ಏನೂ ಸದ್ದಿರಲಿಲ್ಲ."

ಪುಸ್ತಕ ಅಲ್ಲಿಗೆ ಮುಗಿಯುತ್ತದೆ. ಜಾಹಿದಾ ಅದನ್ನು ಹಾಸ್ಟೆಲಿನ ಟೆರೇಸಿನ ಮೇಲೆ, ನೀರಿನ ಟ್ಯಾಂಕಿಗೆ ಒರಗಿಕೊಂಡು ಓದಿದರಂತೆ. ಓದಿ ಅತ್ತರಂತೆ. ಆ ವರ್ಷ ಅವರ ಅಮ್ಮ ತೀರಿಕೊಂಡಿದ್ದರು.

ಆ ಎರಡು ಸಾಲಿನಿಂದ ಅವರೊಂದು ಸಿದ್ಧಾಂತ ಕಟ್ಟಿದರು. ಬೇರೆ ದೇಶದವರು ಆತ್ಮಕಥೆ ಬರೆದರೆ ಕೊನೆಯಲ್ಲಿ ದೇವರು ಸಿಗುತ್ತಾನೆ, ಇಲ್ಲವೇ ಪ್ರಶಸ್ತಿ ಸಿಗುತ್ತದೆ. ಆಸ್ಟ್ರೇಲಿಯಾದವರಿಗೆ ಎರಡೂ ಸಿಗುವುದಿಲ್ಲ. ಪಾಪನಿವೇದನೆ ಇಲ್ಲ, ದರ್ಶನ ಇಲ್ಲ, ದೊಡ್ಡ ಮಾತಿನ ಮೇಲೆ ನಂಬಿಕೆಯೂ ಇಲ್ಲ. ಬರೆಯುವ 'ನಾನು' ಆ ಅಗಾಧ ನೆಲದ ಮುಂದೆ ಸದ್ದಿಲ್ಲದೆ ಕೂತುಬಿಡುತ್ತದೆ, ಜೊತೆಗೆ ಪುಸ್ತಕವೂ ಕೂತುಬಿಡುತ್ತದೆ. ಅವರ ಅಧ್ಯಾತ್ಮ ಇರುವುದು ಅಲ್ಲಿ. ಇದಕ್ಕೆ ಜಾಹಿದಾ 'ಮೌನಾಂತ್ಯ' ಎಂದು ಹೆಸರಿಟ್ಟರು. ನಮ್ಮ ಶರಣರ ಬಯಲನ್ನೂ 'ನಾನು' ಕರಗಿಹೋಗುವ ಸೂಫಿಗಳ ಫನಾವನ್ನೂ ಪಕ್ಕದಲ್ಲಿಟ್ಟು ತೋರಿಸಿದರು. ಥೀಸಿಸ್ ಪುಸ್ತಕವಾಯಿತು. ರಾಚಯ್ಯನವರ ಶಿಷ್ಯರೆಲ್ಲ ಒಬ್ಬೊಬ್ಬರೇ ಬೇರೆ ಬೇರೆ ದೇಶದ ಪುಸ್ತಕಗಳಲ್ಲಿ ಮೌನಾಂತ್ಯ ಹುಡುಕಿ ಡಾಕ್ಟರೇಟ್ ತೆಗೆದುಕೊಂಡರು. ಎಂ.ಎ. ಪ್ರಶ್ನೆಪತ್ರಿಕೆಯಲ್ಲಿ 'ಮೌನಾಂತ್ಯದ ಕುರಿತು ಟಿಪ್ಪಣಿ ಬರೆಯಿರಿ' ಎಂದು ಬರತೊಡಗಿತು. ಸಿಗದೆ ಹೋದ ಪುಸ್ತಕದ ಬಗ್ಗೆ ಟಿಪ್ಪಣಿ ಬರೆಯುವುದು ನಮ್ಮ ಹುಡುಗರಿಗೆ ಹೊಸದೇನಲ್ಲ.

ಬೋಲಿಂಗ್‌ಬ್ರೂಕ್‌ಗೆ ಬಂದ ಮೇಲೆ ಈ ಯಾವುದೂ ಯಾರಿಗೂ ಬೇಕಾಗಿರಲಿಲ್ಲ. ಗಂಡ ಇಕ್ರಾಮ್ ಹರಿಹರದವರು. ಇಲ್ಲಿನ ಒಂದು ದೊಡ್ಡ ಗೋದಾಮಿನಲ್ಲಿ ಮಾಲು ಇಳಿಸಿಕೊಳ್ಳುವ ಕಡೆ ಸೂಪರ್‌ವೈಸರ್. ಲಾರಿ ಬಂದರೆ ಪೆಟ್ಟಿಗೆ ಬಿಚ್ಚಿ ನೋಡದೆ ಸಹಿ ಹಾಕದ ಮನುಷ್ಯ. ಬಿರಿಯಾನಿ ಪಾರ್ಸೆಲ್ ತಂದರೂ ಕಾರಿನಲ್ಲೇ ಮುಚ್ಚಳ ತೆಗೆದು ಇಣುಕುತ್ತಿದ್ದರು. ಹಮ್ಜಾ, ದಾನಿಯಾ ಇಬ್ಬರು ಮಕ್ಕಳು. ಮನೆಯಲ್ಲಿ ಮಾತು ಉರ್ದು, ಮಕ್ಕಳ ಉತ್ತರ ಇಂಗ್ಲಿಷ್. ಜಗಳ ಮಾತ್ರ ಕನ್ನಡದಲ್ಲಿ, ಮಕ್ಕಳಿಗೆ ತಿಳಿಯಬಾರದು ಎಂದು. ಹೀಗಾಗಿ ಆ ಮಕ್ಕಳು ಕನ್ನಡವನ್ನು ಬಹಳ ಸಿಟ್ಟಿನ ಜನರ ಭಾಷೆ ಎಂದುಕೊಂಡಿದ್ದವು.

ಜಾಹಿದಾ ಓದುವುದನ್ನು ಬಿಡಲಿಲ್ಲ. ಮಕ್ಕಳು ಸ್ಕೂಲಿಗೆ ಹೋದ ಮೇಲೆ ಅಡುಗೆಮನೆಯ ಕೌಂಟರ್ ಹತ್ತಿರ ನಿಂತುಕೊಂಡು, ಜೋರಾಗಿ ಓದುತ್ತಿದ್ದರು. ಕೂತು ಮನಸ್ಸಿನಲ್ಲೇ ಓದಿದರೆ ಆತ್ಮಕಥೆ ಬರೆದವರು ಸುಳ್ಳು ಹೇಳುವುದು ಗೊತ್ತಾಗುವುದಿಲ್ಲ, ಗಟ್ಟಿಯಾಗಿ ಓದಿದರೆ ದನಿ ತಾನೇ ತೊದಲುತ್ತದೆ ಎನ್ನುವುದು ಅವರ ಪದ್ಧತಿ. ಪಕ್ಕದ ಮನೆಯ ನನ್ನ ಹೆಂಡತಿಗೆ ಮೊದಲ ಬೇಸಿಗೆಯಲ್ಲಿ ಇವರು ಯಾರ ಜೊತೆ ಇಷ್ಟು ಹೊತ್ತು ಇಂಗ್ಲಿಷಿನಲ್ಲಿ ಜಗಳವಾಡುತ್ತಾರೆ ಎಂದು ಗಾಬರಿಯಾಗಿತ್ತು.

ಅವರ ವಿದ್ಯೆಯನ್ನು ಉಪಯೋಗಿಸಿಕೊಳ್ಳಲು ಒಂದೇ ಒಂದು ಪ್ರಯತ್ನ ನಡೆಯಿತು. ಓಕ್ ಬ್ರೂಕ್‌ನ ಗಗನಾ ಎಂಬಾಕೆ, ಮನೆಯ ಬೇಸ್‌ಮೆಂಟನ್ನು ಹೊಸದಾಗಿ ಕಾರ್ಪೆಟ್ ಹಾಕಿಸಿ ಸಿದ್ಧ ಮಾಡಿದ್ದವರು, ಫೋನ್ ಮಾಡಿದರು. "ಆಂಟಿ, ನೀವು ಸೈಲೆನ್ಸ್ ಮೇಲೆ ಪಿಎಚ್‌ಡಿ ಮಾಡಿದೀರಂತೆ. ನಮ್ಮ ಲೇಡೀಸ್ ಗ್ರೂಪಿಗೆ ಒಂದು ಸೆಷನ್ ಮಾಡಿಸ್ಕೊಡಿ."

"ನಾ ಸೈಲೆನ್ಸ್ ಬಗ್ಗೆ ಮುನ್ನೂರು ಪುಟ ಮಾತಾಡೀನ್ರೀ. ಮಂದೀನ್ನ ಕೂಡಿಸಿ ಸುಮ್ಮನಿರಸೋದು ನನಗ ಬರಂಗಿಲ್ಲ."

"ಅಯ್ಯೋ, ಹಂಬಲ್ ಆಗಬೇಡಿ ಆಂಟಿ."

ಹೋದರು. ಹದಿನೈದು ಹೆಂಗಸರು ಕಣ್ಣು ಮುಚ್ಚಿ ಕೂತರು. ಎರಡು ನಿಮಿಷ ಆಗಿರಬಹುದು, ಹೊರಗೆ ಮಳೆ ಹೆಚ್ಚಾಗಿ, ಬೇಸ್‌ಮೆಂಟಿನ ಮೂಲೆಯಲ್ಲಿದ್ದ, ಮಳೆನೀರು ಹೊರಹಾಕುವ ಸಂಪ್ ಪಂಪು ಎಮ್ಮೆ ಒದರಿದ ಹಾಗೆ ಶುರುವಾಯಿತು. ಯಾರೂ ಕಣ್ಣು ತೆರೆಯಲಿಲ್ಲ. ಪಂಪು ನಿಂತ ಮೇಲೆ ಒಬ್ಬರು, "ಆ ಓಂಕಾರದ ವೈಬ್ರೇಷನ್ ನನಗೆ ಬೆನ್ನಿನಲ್ಲೆಲ್ಲ ಬಂತು" ಎಂದರು. ಜಾಹಿದಾ ಸಮೋಸ ತಿಂದು ವಾಪಸ್ ಬಂದರು. ಎರಡನೆಯ ಸೆಷನ್‌ಗೆ ಹೋಗಲಿಲ್ಲ.

ಇಂಥ ದಿನಗಳಲ್ಲಿ, ಎರಡು ಸಾವಿರದ ನಾಲ್ಕರ ಚಳಿಗಾಲದ ಕೊನೆಯಲ್ಲಿ, ಡೆಟ್ರಾಯಿಟ್ ಕಡೆಯಿಂದ ಒಂದು ಕರೆ ಬಂತು. ಸೌತ್‌ಫೀಲ್ಡ್‌ನಲ್ಲಿ ಕೆಲಸ ಮಾಡುವ ಅಶ್ವಥ್ ಎಂಬುವರು ಜಾಹಿದಾ ಅವರ ಪುಸ್ತಕವನ್ನು ಊರಿಂದ ತರಿಸಿಕೊಂಡು ಓದಿದ್ದರು. ಅಲ್ಲಿನ ಒಂದು ಖಾಸಗಿ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ಕಲಿಸುವ ಡಾ. ನೊವಾಕ್ ಅವರಿಗೆ ಅದನ್ನು ಕೊಟ್ಟಿದ್ದರು. ಆಕೆಗೆ ಬಹಳ ಹಿಡಿಸಿತ್ತು. ಏಪ್ರಿಲ್‌ನಲ್ಲಿ ಬಂದು ಎನಿಡ್ ಬಗ್ಗೆ ಒಂದು ಉಪನ್ಯಾಸ ಕೊಡಿ, ಚೆನ್ನಾಗಿ ನಡೆದರೆ ಮುಂದಿನ ಸೆಮಿಸ್ಟರಿನಲ್ಲಿ ಎಂಜಿನಿಯರಿಂಗ್ ಹುಡುಗರಿಗೆ ಆತ್ಮಕಥನದ ಮೇಲೆ ಒಂದು ಕೋರ್ಸ್ ನೀವೇ ಕಲಿಸಬಹುದು ಎಂದು ಡಾ. ನೊವಾಕ್ ಹೇಳಿ ಕಳಿಸಿದ್ದರು.

ಆರು ವರ್ಷದಲ್ಲಿ ಮೊದಲ ಸಲ ಯಾರೋ ಅವರನ್ನು ಅವರು ಓದಿದ್ದಕ್ಕಾಗಿ ಕರೆದಿದ್ದರು. ಜಾಹಿದಾ ಆ ವಾರ ನಮ್ಮ ಮನೆಗೆ ಎರಡು ಸಲ ಖೀರು ಕಳಿಸಿದರು. ಮಾತಾಡುವಾಗ ವಿನಾಕಾರಣ ಸೌತ್‌ಫೀಲ್ಡ್ ಹೆಸರು ಬರುತ್ತಿತ್ತು. ಇಲ್ಲಿ ಫ್ಯಾರನ್‌ಹೀಟ್ ಲೆಕ್ಕದಲ್ಲಿ ನಲವತ್ತು ಡಿಗ್ರಿ ಚಳಿ ಇದ್ದರೆ "ಸೌತ್‌ಫೀಲ್ಡ್‌ನಾಗ ಮೂವತ್ತೈದಂತ" ಎನ್ನುತ್ತಿದ್ದರು. ಪೋಸ್ಟರ್ ತಯಾರಾಯಿತು. ವಿಷಯ: 'ಮೌನದಲ್ಲಿ ಮುಗಿಯುವ ಆತ್ಮಕಥೆ'.

ಡಾ. ನೊವಾಕ್ ಕೇಳಿದ್ದು ಒಂದೇ: ಆ ಕೊನೆಯ ಪುಟದ ಪ್ರತಿ ಕಳಿಸಿ, ಬಂದವರಿಗೆಲ್ಲ ಹಂಚೋಣ. ನೀಲಿ ರಟ್ಟಿನ ಜೆರಾಕ್ಸ್ ಅಷ್ಟರಲ್ಲಿ ಮಾಸಿ ಹೋಗಿತ್ತು. ಅದನ್ನು ಮತ್ತೆ ಜೆರಾಕ್ಸ್ ಮಾಡಿದರೆ ಉಪ್ಪುಕೆರೆ ಪೂರ್ತಿ ಕಪ್ಪಾಗಿ ಬರುತ್ತಿತ್ತು. ಜಾಹಿದಾ ನಮ್ಮೂರ ಲೈಬ್ರರಿಗೆ ಹೋಗಿ, ದೇಶದಲ್ಲಿ ಎಲ್ಲಾದರೂ ಈ ಪುಸ್ತಕ ಇದ್ದರೆ ತರಿಸಿಕೊಡಿ ಎಂದು ಹೇಳಿ ಬಂದರು. ಯಾವುದೋ ದೂರದ ರಾಜ್ಯದ ಲೈಬ್ರರಿಯಲ್ಲಿ ಒಂದು ಪ್ರತಿ ಇತ್ತು. ಉಪನ್ಯಾಸಕ್ಕೆ ಹತ್ತು ದಿನ ಇದೆ ಎನ್ನುವಾಗ ಬಂತು.

ಲೈಬ್ರರಿಯ ಪಾರ್ಕಿಂಗ್ ಲಾಟಿನಲ್ಲಿ, ಕಾರಿನಲ್ಲಿ ಕೂತು ಪುಸ್ತಕ ತೆರೆದರಂತೆ. ಆ ಪುಟ ಸಿಕ್ಕಿತು. "ನಾನು ಕೂತೆ. ಎಲ್ಲೂ ಏನೂ ಸದ್ದಿರಲಿಲ್ಲ." ಪುಟದ ಕೊನೆಯಲ್ಲೇ ಇತ್ತು. ಆದರೆ ಬೆರಳಿಗೆ ಬಲಗಡೆ ಇನ್ನೂ ದಪ್ಪಗೆ ಏನೋ ಸಿಗುತ್ತಿತ್ತು. ಪದಸೂಚಿ ಇರಬೇಕು ಎಂದುಕೊಂಡು ಹಾಳೆ ತಿರುವಿದರು.

"ನೊಣಗಳನ್ನು ಬಿಟ್ಟರೆ" ಎಂದು ಮುಂದಿನ ಪುಟ ಶುರುವಾಗಿತ್ತು. "ದೇವರೇ, ಎಷ್ಟು ನೊಣ! ನಾನು ಷೂ ಬಿಚ್ಚಿ ಒಳಗಿದ್ದ ಕಲ್ಲು ತೆಗೆದೆ. ಅದು ಬೆಳಗಿನಿಂದ ಚುಚ್ಚುತ್ತಿತ್ತು. ಯಾರೋ ನಕ್ಕರು. ತಿರುಗಿ ನೋಡಿದರೆ ದಡದಲ್ಲಿ ಆ ನೆಲದ ಮೂಲನಿವಾಸಿಗಳ ಒಂದು ಸಂಸಾರ ಕೂತು ಊಟ ಮಾಡುತ್ತಿತ್ತು. ಅವರು ಮೊದಲಿನಿಂದಲೂ ಅಲ್ಲೇ ಇದ್ದರು. ಅದು ಅವರ ಕೆರೆ."

ಅಲ್ಲಿಂದ ಮುಂದೆ ನಲವತ್ತು ಚಿಲ್ಲರೆ ಪುಟ. ಎನಿಡ್ ಮನೆಗೆ ಬರುತ್ತಾಳೆ. ಕೋಳಿ ಸಾಕಿ ಮೊಟ್ಟೆ ಅಂಗಡಿ ಇಡುತ್ತಾಳೆ. ಚರ್ಚಿನ ಟೀ ಪಾತ್ರೆ ಯಾರು ತೊಳೆಯಬೇಕು ಎಂದು ಕಮಿಟಿಯ ಜೊತೆ ವರ್ಷಗಟ್ಟಲೆ ಜಗಳವಾಡುತ್ತಾಳೆ. ಪಿಯಾನೋ ರಿಪೇರಿ ಮಾಡುವವನೊಬ್ಬನನ್ನು ಮದುವೆಯಾಗುತ್ತಾಳೆ. ಅವನ ಗೊರಕೆಯ ಮೇಲೆಯೇ ಒಂದು ಅಧ್ಯಾಯ.

ಜಾಹಿದಾ ಮೂರು ದಿನ ಯಾರಿಗೂ ಏನೂ ಹೇಳಲಿಲ್ಲ. ಅಡುಗೆಮನೆಯಿಂದ ಓದುವ ಸದ್ದೂ ಬರಲಿಲ್ಲ. ಶನಿವಾರ ಮಧ್ಯಾಹ್ನ ಇಕ್ರಾಮ್ ನಮ್ಮನ್ನು ಊಟಕ್ಕೆ ಕರೆದಿದ್ದರು. ತಟ್ಟೆ ಮುಂದಿಟ್ಟುಕೊಂಡಾಗ ಜಾಹಿದಾ ನೀಲಿ ರಟ್ಟನ್ನೂ ಲೈಬ್ರರಿ ಪುಸ್ತಕವನ್ನೂ ಟೇಬಲ್ಲಿನ ನಡುವೆ ತಂದಿಟ್ಟರು. ಎರಡರ ದಪ್ಪ ನೋಡಿದರೆ ಸಾಕಿತ್ತು, ಹೇಳುವ ಅಗತ್ಯವಿರಲಿಲ್ಲ. ಆದರೂ ಹೇಳಿದರು, ಕನ್ನಡದಲ್ಲಿ.

ಇಕ್ರಾಮ್ ಎರಡನ್ನೂ ಎತ್ತಿ ತೂಗಿ ನೋಡಿದರು. "ಮಾಲು ಕಮ್ಮಿ ಬಂದೈತಿ. ನೀ ನೋಡದ ಸಹಿ ಹಾಕೀದಿ."

"ನಾ ಮಾಲು ಬಿಡಿಸಿಕೊಳ್ಳಾಕ ಕುಂತಿರಲಿಲ್ಲ, ಸಾಹಿತ್ಯ ಓದಾಕ ಕುಂತಿದ್ದೆ."

"ಸಾಹಿತ್ಯಕ್ಕ ಪುಟದ ನಂಬರ್ ಇರಂಗಿಲ್ಲೇನು?"

"ಕೊನೀ ಪುಟ ಅಂತ ಇದ್ದದ್ದರಾಗ ಕೊನೀ ವಾಕ್ಯ ಮುಗದೈತಿ. ಫುಲ್‌ಸ್ಟಾಪ್ ಐತಿ. ಅದಕ್ಕಿಂತ ಇನ್ನೇನು ನೋಡಬೇಕಿತ್ತು?"

"ನಮ್ಮಲ್ಲಿ ಒಂದು ಲಾರಿ ಬಂದಿತ್ತು, ಬರೀ ಎಡಗಾಲಿನ ಬೂಟು. ಹೊಸಾ ಹುಡುಗ ಸಹಿ ಹಾಕಿಬಿಟ್ಟಿದ್ದ. ಅವನೂ ಹಿಂಗ ಅಂದಿದ್ದ, ಪೆಟ್ಟಿಗಿ ತುಂಬಿತ್ತಲ್ಲ ಸಾರ್ ಅಂತ."

ಹಮ್ಜಾ ಇಂಗ್ಲಿಷಿನಲ್ಲಿ, ಏನಾಯಿತು, ಯಾಕೆ ಜಗಳ ಎಂದು ಕೇಳಿದ. ಜಾಹಿದಾ ಉರ್ದುವಿನಲ್ಲಿ ಎಲ್ಲ ಹೇಳಿದರು. ಅವನು ನೊಣದ ಭಾಗ ಬಂದಾಗ ನಕ್ಕ. ನಗು ತಡೆಯಲಾರದೆ ಟೇಬಲ್ ಬಿಟ್ಟು ಎದ್ದು ಹೋದ. ದಾನಿಯಾ ಅವನ ಹಿಂದೆಯೇ ಹೋದಳು.

ಜಾಹಿದಾ ನಗಲಿಲ್ಲ. "ಅವತ್ತ ಟೆರೇಸಿನ ಮ್ಯಾಲೆ ಅತ್ತಿದ್ದೆನಲ್ಲ," ಎಂದರು ಗಂಡನಿಗೆ. "ಅಮ್ಮ ಹೋದ ಮ್ಯಾಲೆ ನಾ ಅತ್ತದ್ದು ಅದೊಂದ ಸಲ. ಅದೂ ಕರೆಂಟ್ ಹೋಗಿದ್ದಕ್ಕ ಬಂದ ಕಣ್ಣೀರೇನು ಹಂಗಾದ್ರ?"

ಇಕ್ರಾಮ್ ಅವರ ತಟ್ಟೆಗೆ ಇನ್ನೊಂದು ತುಂಡು ಹಾಕಿದರು.

ಕರೆಂಟಿನ ವಿಷಯ ಜಾಹಿದಾ ಊಹೆ ಮಾಡಿದ್ದಲ್ಲ. ಅದೇ ಬೆಳಿಗ್ಗೆ, ಊರಲ್ಲಿ ಸಂಜೆಯಾಗಿದ್ದಾಗ, ರಾಚಯ್ಯನವರಿಗೆ ಫೋನ್ ಮಾಡಿದ್ದರು. ಮೇಷ್ಟ್ರು ಪೂರ್ತಿ ಕೇಳಿಸಿಕೊಂಡು ಸ್ವಲ್ಪ ಹೊತ್ತು ಕೆಮ್ಮಿದರಂತೆ.

"ಅವತ್ತು ಕರೆಂಟ್ ಹೋಗ್ಬಿಡ್ತು ಕಣಮ್ಮಾ. ಕಾರು ಹಾರ್ನ್ ಹೊಡೀತಾ ನಿಂತಿತ್ತು. ಗಿರೀಶ 'ಸಾರ್, ಸ್ವಲ್ಪ ಬಾಕಿ ಇದೆ' ಅಂದ. ಸ್ವಲ್ಪ ಅಂದ್ರೆ ಇಂಡೆಕ್ಸ್ ಇರ್ಬೇಕು ಅಂದ್ಕೊಂಡೆ."

"ನಿಮಗ ಗೊತ್ತಿತ್ತಾ ಸಾರ್?"

"ಗೊತ್ತಿತ್ತು ಅಂದ್ರೆ ಗೊತ್ತಿತ್ತು ಅಂತಲ್ಲ. ನೋಡು, ನಿಜವಾಗಿ ಆ ಪುಸ್ತಕ ಅಲ್ಲೇ ಮುಗೀಬೇಕಾಗಿತ್ತು. ಮುಂದೆ ಬರೆದಿದ್ದು ಆಯಮ್ಮನ ತಪ್ಪು."

"ಸಾರ್, ಮುಂದ ಆಕಿ ಮೊಟ್ಟಿ ಅಂಗಡಿ ಇಟ್ಟಾಳ."

"ಇಡ್ಲಿ ಬಿಡು. ಅಮೆರಿಕದಲ್ಲಿ ಆ ಪುಸ್ತಕ ಯಾರ ಹತ್ರ ಇದೆ?"

"ಈಗ ನನ್ನ ಹತ್ರ ಐತಿ."

"ಹಂಗಾದ್ರೆ ವಾಪಸ್ ಕಳಿಸ್ಬಿಡು. ಯಾರು ಓದ್ತಾರೆ ಅದನ್ನ?" ಆಮೇಲೆ ದನಿ ತಗ್ಗಿಸಿ ಹೇಳಿದರಂತೆ: "ನಾನು ರಿಟೈರ್ ಆಗ್ತಾ ಇದೀನಿ ಜಾಹಿದಾ. ಹುಡುಗ್ರು ಅಭಿನಂದನ ಗ್ರಂಥ ತರ್ತಾ ಇದಾರೆ. ಅದಕ್ಕೆ ಹೆಸರೇ 'ಮೌನಾಂತ್ಯ' ಅಂತ ಇಟ್ಬಿಟ್ಟಿದಾರೆ. ಕವರ್ ಪ್ರಿಂಟ್ ಆಗೋಗಿದೆ. ನಿನ್ನ ಲೇಖನ ಒಂದೇ ಬಾಕಿ."

ಹಾಸ್ಟೆಲಿಗಾಗಿ ಧರಣಿ ಕೂತಿದ್ದ ಮನುಷ್ಯ. ಜಾಹಿದಾ "ಕಳಸ್ತೀನಿ ಸಾರ್" ಎಂದಷ್ಟೇ ಹೇಳಿ ಫೋನ್ ಇಟ್ಟಿದ್ದರು. ಪುಸ್ತಕವನ್ನು ವಾಪಸ್ ಕಳಿಸುವುದೋ, ಲೇಖನವನ್ನೋ, ಅವರೂ ಕೇಳಲಿಲ್ಲ, ಇವರೂ ಬಿಡಿಸಿ ಹೇಳಲಿಲ್ಲ.

ಮುಂದಿನ ವಾರ ಎಲ್ಲರೂ ಒಂದೇ ವ್ಯಾನಿನಲ್ಲಿ ಸೌತ್‌ಫೀಲ್ಡ್‌ಗೆ ಹೊರಟೆವು. ಡ್ರೈವ್ ಮಾಡಿದ್ದು ನಾನು. ಜಾಹಿದಾ ಮುಂದಿನ ಸೀಟಿನಲ್ಲಿ ಎರಡೂ ಪುಸ್ತಕಗಳನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಮಿಶಿಗನ್ ಗಡಿ ದಾಟಿದ ಮೇಲೆ ಹಿಂದಿನಿಂದ ಇಕ್ರಾಮ್ ಕೇಳಿದರು, "ಯಾವುದು ಓದ್ತಿ?"

"ಪೋಸ್ಟರ್‌ನಾಗ ಇದ್ದದ್ದು."

"ಓದು. ಓದಿ ಕೆಲಸ ತಗೋ. ಆ ಎಂಜಿನಿಯರಿಂಗ್ ಹುಡುಗರು ಏನು ಮೊಟ್ಟಿ ಅಂಗಡಿ ಹುಡಕ್ಕೊಂಡು ಹೋಗ್ತಾರ?"

"ನೀವ ಅಂದ್ರಲ್ಲ, ನೋಡದ ಸಹಿ ಹಾಕಬಾರದು ಅಂತ?"

"ಅದು ಗೋದಾಮು. ಅಲ್ಲಿ ಸಿಕ್ಕಿಬೀಳ್ತಾರ."

ಸಣ್ಣ ಹಾಲು. ಮೂವತ್ತು ಮೂವತ್ತೈದು ಜನ. ಅರ್ಧ ಅಶ್ವಥ್ ಕರೆದುಕೊಂಡು ಬಂದ ಡೆಟ್ರಾಯಿಟ್ ಕಡೆಯ ಕನ್ನಡದವರು. ಉಪನ್ಯಾಸದ ನಂತರ ಚಹಾ ಇದೆಯೆಂದು ಅವರಿಗೆ ಮೊದಲೇ ತಿಳಿಸಲಾಗಿತ್ತು. ಉಳಿದವರು ಹಾಜರಿಗಾಗಿ ಬಂದ ವಿದ್ಯಾರ್ಥಿಗಳು ಮತ್ತು ಇಬ್ಬರು ಮೂವರು ಅಧ್ಯಾಪಕರು. ಡಾ. ನೊವಾಕ್ ಎತ್ತರದ, ಬಿಳಿ ಕೂದಲಿನ ಹೆಂಗಸು. ಮೊದಲ ಸಾಲಿನಲ್ಲಿ ಪೆನ್ನು ಹಿಡಿದು ಕೂತರು. ಎಲ್ಲರ ಕೈಯಲ್ಲೂ ಆ ಕೊನೆಯ ಪುಟದ ಪ್ರತಿ. ಜಾಹಿದಾ ಅದೊಂದು ಪುಟವನ್ನು ಮಾತ್ರ ಕಳಿಸಿದ್ದರು.

ಅವರು ಪೋಸ್ಟರಿನಲ್ಲಿ ಇದ್ದದ್ದನ್ನೇ ಓದಿದರು. ಇಷ್ಟು ಚೆನ್ನಾಗಿ ಓದುತ್ತಾರೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅಡುಗೆಮನೆಯ ಕೌಂಟರ್ ಹತ್ತಿರ ವರ್ಷಗಟ್ಟಲೆ ನಿಂತು ಓದಿದ ದನಿ ಅದು. ದೇವರಿಲ್ಲದ ಅಧ್ಯಾತ್ಮ ಎಂದರೇನು, ತನ್ನ ಕಥೆ ತಾನೇ ಹೇಳುವವರು ಎಲ್ಲಿ ನಿಲ್ಲಿಸಬೇಕೆಂದು ಹೇಗೆ ತಿಳಿಯುತ್ತಾರೆ, ಗಂಡ ಸತ್ತ ನರ್ಸೊಬ್ಬಳು ಉಪ್ಪಿನ ನೆಲದ ನಡುವೆ ಕೂತು ತನ್ನ 'ನಾನು'ವನ್ನು ಹೇಗೆ ಕೆಳಗಿಟ್ಟಳು, ಎಲ್ಲ ಹೇಳಿದರು. ಎನಿಡ್ ನಡೆಯುವ ಜಾಗ ಬಂದಾಗ ಚಹಾಕ್ಕೆ ಬಂದವರು ಕೂಡ ಅಲುಗಾಡದೆ ಕೂತಿದ್ದರು. "ನಾನು ಕೂತೆ. ಎಲ್ಲೂ ಏನೂ ಸದ್ದಿರಲಿಲ್ಲ" ಎಂದು ಓದಿ ನಿಲ್ಲಿಸಿದರು. ಡಾ. ನೊವಾಕ್ ಪೆನ್ನು ಕೆಳಗಿಟ್ಟರು. ಹಿಂದೆ ಯಾರೋ ಮೂಗು ಒರೆಸಿಕೊಂಡರು. ಅಶ್ವಥ್ ಚಪ್ಪಾಳೆಗೆ ಕೈ ಎತ್ತಿದರು.

ಅಲ್ಲಿಗೆ ಮುಗಿಸಿದ್ದರೆ ಕೆಲಸ ಕೈಯಲ್ಲಿತ್ತು. ಇಕ್ರಾಮ್ ನನ್ನ ಪಕ್ಕದಲ್ಲಿ ಉಸಿರು ಬಿಟ್ಟದ್ದು ಕೇಳಿಸಿತು.

ಜಾಹಿದಾ ನೀಲಿ ರಟ್ಟು ಮುಚ್ಚಿ, ಲೈಬ್ರರಿ ಪುಸ್ತಕ ತೆರೆದರು. "ಈಗ ಮುಂದಿನ ಪುಟ ಓದುತ್ತೇನೆ. ಇದನ್ನು ನಾನು ಓದಿದ್ದು ಹತ್ತು ದಿನದ ಹಿಂದೆ," ಎಂದರು. ಆಮೇಲೆ ಅದೇ ದನಿಯಲ್ಲಿ, "ನೊಣಗಳನ್ನು ಬಿಟ್ಟರೆ."

ಯಾರಿಗೂ ಏನು ಮಾಡಬೇಕೋ ತಿಳಿಯಲಿಲ್ಲ. ಮೊದಲು ನಕ್ಕದ್ದು ಹಮ್ಜಾ. ಆಮೇಲೆ ವಿದ್ಯಾರ್ಥಿಗಳು. ಷೂ ಒಳಗಿನ ಕಲ್ಲು ಬಂದಾಗ ಇಡೀ ಹಾಲು ನಗುತ್ತಿತ್ತು. ಡಾ. ನೊವಾಕ್ ಮಾತ್ರ ನಗಲಿಲ್ಲ. ದಡದಲ್ಲಿ ಊಟ ಮಾಡುತ್ತಿದ್ದ ಸಂಸಾರದ ಸಾಲು ಬಂದಾಗ ನಗು ತಾನೇ ನಿಂತಿತು.

ಜಾಹಿದಾ ಎಲ್ಲವನ್ನೂ ಹೇಳಿದರು. ಜೆರಾಕ್ಸ್ ಅಂಗಡಿ, ವಿಮಾನಕ್ಕೆ ಕಾದ ಕಾರು, ಹೋದ ಕರೆಂಟು. ಮೇಷ್ಟ್ರ ಹೆಸರನ್ನು ಮಾತ್ರ ಹೇಳಲಿಲ್ಲ. "ನಾನು ಹತ್ತು ವರ್ಷ ಯಾವುದನ್ನು ಆಸ್ಟ್ರೇಲಿಯಾದ ಆತ್ಮ ಎಂದು ನಂಬಿದ್ದೆನೋ ಅದು ನಮ್ಮೂರ ವಿದ್ಯುತ್ ಮಂಡಳಿಯ ರಚನೆ," ಎಂದರು. "ಖಾಲಿ ನೆಲ ಎಂದೆ. ಅದು ಖಾಲಿ ಇರಲಿಲ್ಲ, ಜನ ಕೂತು ಊಟ ಮಾಡುತ್ತಿದ್ದರು. ಮೌನ ಎಂದೆ. ನೊಣ ಇತ್ತು."

ಪ್ರಶ್ನೋತ್ತರದಲ್ಲಿ ಡಾ. ನೊವಾಕ್ ಎದ್ದು ನಿಂತರು. "ಹಾಗಾದರೆ ಆಕೆಗೆ ಅಲ್ಲಿ ಏನೂ ಸಿಗಲಿಲ್ಲ ಎನ್ನುತ್ತೀರಾ?"

ಜಾಹಿದಾ ಪುಟ ಹುಡುಕಿದರು. ಕೊನೆಯ ಅಧ್ಯಾಯದಲ್ಲಿ, ಗೊರಕೆಯ ನಡುವೆ ಎಲ್ಲೋ, ಹೊಸ ಪಾದ್ರಿ ಎನಿಡ್‌ಳನ್ನು ಇದೇ ಪ್ರಶ್ನೆ ಕೇಳುತ್ತಾನೆ. ಅವಳ ಉತ್ತರವನ್ನು ಓದಿದರು: "ಒಂದು ಕಲ್ಲು ಸಿಕ್ಕಿತು. ಇನ್ನೂ ಇಟ್ಟುಕೊಂಡಿದ್ದೇನೆ. ಬಾಗಿಲಿಗೆ ಅಡ್ಡ ಇಡಲು ಸಣ್ಣದು, ಬಿಸಾಡಲು ಮನಸ್ಸಾಗಲಿಲ್ಲ."

"ಇದಕ್ಕೆ ಏನು ಅರ್ಥ?" ಡಾ. ನೊವಾಕ್ ಬಿಡಲಿಲ್ಲ.

"ಗೊತ್ತಿಲ್ಲ. ಅರ್ಥ ಹೇಳುವುದಕ್ಕೆ ಮುಂಚೆ ಈ ಸಲ ಪುಸ್ತಕ ಪೂರ್ತಿ ಓದುತ್ತೇನೆ."

ಚಹಾದ ಹೊತ್ತಿನಲ್ಲಿ ಡೆಟ್ರಾಯಿಟಿನ ಹಿರಿಯರೊಬ್ಬರು ಜಾಹಿದಾರನ್ನು ಪಕ್ಕಕ್ಕೆ ಕರೆದರು. "ಚೆನ್ನಾಗಿ ಮಾತಾಡಿದ್ರಮ್ಮ. ಆದ್ರೆ ಆ ಕೊನೇದು ಬೇಕಿರ್ಲಿಲ್ಲ. ನನಗೆ ಧ್ಯಾನ ಹತ್ಬಿಟ್ಟಿತ್ತು." ಡಾ. ನೊವಾಕ್ ಕೈ ಕುಲುಕಿ, ಬಹಳ ಆಸಕ್ತಿಕರವಾಗಿತ್ತು ಎಂದರು. ಈ ದೇಶದಲ್ಲಿ ಆ ಮಾತಿಗೆ ಏನು ಬೇಕಾದರೂ ಅರ್ಥ ಇರಬಹುದು. ವಾಪಸ್ ಬರುವಾಗ ಇಕ್ರಾಮ್ ಅರ್ಧದಾರಿಯ ಊರು ಕಲಮಜೂ ದಾಟುವವರೆಗೂ ತಡೆದುಕೊಂಡರು. "ಕೆಲಸ ಹೋತು," ಎಂದರು.

"ಇದ್ದರ ಹೋಗಬೇಕಲ್ಲ."

"ಆ ಕಲ್ಲಿಂದು ಛಲೋ ಇತ್ತು ಆದ್ರ."

"ಛಲೋ ಇತ್ತಲ್ಲಾ?" ಎಂದು ಜಾಹಿದಾ ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿದರು. ಅಲ್ಲಿಂದ ಬೋಲಿಂಗ್‌ಬ್ರೂಕ್‌ವರೆಗೆ ಮೊಟ್ಟೆ ಅಂಗಡಿಯ ಅಧ್ಯಾಯವನ್ನು ಗಟ್ಟಿಯಾಗಿ ಓದಿದರು. ದನಿ ಎಲ್ಲೂ ತೊದಲಲಿಲ್ಲ.

ಡಾ. ನೊವಾಕ್ ಅವರ ಫೋನ್ ಬಂದದ್ದು ಮೇ ತಿಂಗಳಲ್ಲಿ. ಆತ್ಮಕಥನದ ಕೋರ್ಸನ್ನು ವಿಭಾಗದವರು ಬೇರೆಯವರಿಗೆ ಕೊಟ್ಟಿದ್ದರು. ಪಿಎಚ್‌ಡಿಯ ಬುಡವನ್ನು ತಾನೇ ಕಡಿದುಕೊಂಡವರಿಗೆ ಅದನ್ನು ಕೊಡುವುದು ಕಷ್ಟವಾಯಿತು ಎಂದರು, ಮುಚ್ಚುಮರೆಯಿಲ್ಲದೆ. ಆದರೆ ಶನಿವಾರಗಳಲ್ಲಿ, ಎಂಜಿನಿಯರಿಂಗ್ ಹುಡುಗರಿಗೆ ವರದಿ ಬರೆಯುವುದನ್ನು ಕಲಿಸುವ ತರಗತಿಯೊಂದು ಖಾಲಿ ಇತ್ತು. ಗೊತ್ತಾದ ತಪ್ಪನ್ನು ಗೊತ್ತಾದ ಕೂಡಲೇ ವರದಿ ಮಾಡುವುದು ಹೇಗೆ ಎಂದು ಹೇಳಿಕೊಡಲು ನಿಮಗಿಂತ ತಕ್ಕವರು ಸಿಗುವುದಿಲ್ಲ ಎಂದರಂತೆ. ಜಾಹಿದಾ ಅದನ್ನು ತಮಾಷೆಯೋ ಹೊಗಳಿಕೆಯೋ ಎಂದು ವಿಚಾರಿಸಲು ಹೋಗಲಿಲ್ಲ, ಒಪ್ಪಿಕೊಂಡರು. ವಾರಕ್ಕೊಮ್ಮೆ ಇಕ್ರಾಮ್ ಕರೆದುಕೊಂಡು ಹೋಗುತ್ತಿದ್ದರು. ಐದು ಗಂಟೆಯ ದಾರಿಯುದ್ದಕ್ಕೂ ಎನಿಡ್ ಬಗ್ಗೆ ಕನ್ನಡದಲ್ಲಿ ಜಗಳ.

ರಾಚಯ್ಯನವರಿಗೆ ಲೇಖನ ಕಳಿಸಿದ್ದರು. ಸೌತ್‌ಫೀಲ್ಡ್‌ನಲ್ಲಿ ಓದಿದ್ದೇ, ಪೂರ್ತಿ. ಮೊದಲು ಹಳೆಯ ಸಿದ್ಧಾಂತ, ಆಮೇಲೆ ಮುಂದಿನ ಪುಟ, ಆಮೇಲೆ ಉಳಿದದ್ದು. ಜೊತೆಗೆ ಒಂದು ಸಾಲು: "ಸಾರ್, ಬೇಡವಾದರೆ ಹಾಕಬೇಡಿ. ಹಾಕಿದರೆ ಪೂರ್ತಿ ಹಾಕಿ." ಉತ್ತರ ಬರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಅಭಿನಂದನ ಗ್ರಂಥವೇ ಬಂತು. ಹಡಗಿನ ಅಂಚೆಯಲ್ಲಿ, ಬಟ್ಟೆಯಲ್ಲಿ ಹೊಲಿದು. ಕೋಟು ಹಾಕಿದ ಮೇಷ್ಟ್ರ ಫೋಟೋ, ಚಿನ್ನದ ಬಣ್ಣದಲ್ಲಿ 'ಮೌನಾಂತ್ಯ'. ಮೊದಲ ಲೇಖನವೇ ಜಾಹಿದಾ ಅವರದು.

ಅವರು ಅಡುಗೆಮನೆಯ ಕೌಂಟರ್ ಹತ್ತಿರ ನಿಂತು ಓದತೊಡಗಿದರು. ನಾವು ಕೂತು ಕೇಳುತ್ತಿದ್ದೆವು. ಎನಿಡ್ ಹೊರಟಳು, ನಡೆದಳು, ಉಪ್ಪುಕೆರೆ ಬಂತು. "ನಾನು ಕೂತೆ. ಎಲ್ಲೂ ಏನೂ ಸದ್ದಿರಲಿಲ್ಲ." ಜಾಹಿದಾ ಹಾಳೆ ತಿರುವಿದರು. ಮುಂದಿನ ಪುಟದಲ್ಲಿ ಇನ್ಯಾರದೋ ಲೇಖನ ಶುರುವಾಗಿತ್ತು.

ಹಿಂದೆ ತಿರುವಿದರು, ಮುಂದೆ ತಿರುವಿದರು. ಇಕ್ರಾಮ್ ಎದ್ದು ಬಂದು ಭುಜದ ಮೇಲಿಂದ ಇಣುಕಿ, "ಮತ್ತ ಮಾಲು ಕಮ್ಮಿ ಬಂತು," ಎಂದರು.

ಜಾಹಿದಾಗೆ ನಗು ಬಂತು. ಹೋದ ವರ್ಷ ಆ ಟೇಬಲ್ಲಿನ ಮುಂದೆ ಬರದೆ ಇದ್ದ ನಗು. ಕೌಂಟರ್ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಆಮೇಲೆ ಮುಖ ತೊಳೆದುಕೊಂಡು ಫೋನ್ ತೆಗೆದುಕೊಂಡರು. ಸ್ಪೀಕರ್ ಹಾಕಿದರು.

"ಸಾರ್, ನಮಸ್ಕಾರ. ಗ್ರಂಥ ಬಂತು. ಬಾಳ ಛಂದ ಆಗೈತಿ."

"ಹೌದೇನಮ್ಮಾ? ಸಂತೋಷ, ಸಂತೋಷ."

"ನಂದೊಂದು ಸಣ್ಣ ಪ್ರಶ್ನೆ ಸಾರ್. ಪ್ರೆಸ್ಸಿನಾಗ ಈ ಸಲಾನೂ ಕರೆಂಟ್ ಹೋಗಿತ್ತೇನು?"

ಆ ಕಡೆಯಿಂದ ಏನೂ ಸದ್ದು ಬರಲಿಲ್ಲ. ಫ್ಯಾನ್ ತಿರುಗುವ ಸದ್ದು ಮಾತ್ರ ಕೇಳಿಸುತ್ತಿತ್ತು, ಕರೆಂಟ್ ಇತ್ತು ಎನ್ನುವುದಕ್ಕೆ ಸಾಕ್ಷಿಯಾಗಿ.

"ಊಟ ಆಯ್ತೇನಮ್ಮಾ?" ಎಂದರು ಮೇಷ್ಟ್ರು.

"ಆತ್ರಿ ಸಾರ್," ಎಂದರು ಜಾಹಿದಾ. "ಹೊಸಾ ಪುಸ್ತಕ ಬರಿಯಾಕ ಹತ್ತೀನಿ. ನೀವು ಮುನ್ನುಡಿ ಬರೀಬೇಕು. ಈ ಸಲ ಮುಂದಿನ ನಲವತ್ತು ಪುಟದ ಮ್ಯಾಲೆ."